ನಶೆ ಇಲ್ಲದೆ ಸ್ಟೋನರ್ ರಾಕ್ ಹಿಡಿಸುತ್ತದಾ?

ಪ್ರಶ್ನೆ: "ಸರ್, ನೀವು ಹೇಳಿದಿರಿ ಅಂತ ಕೈಯಸ್ ತಂಡದ 'ಬ್ಲೂಸ್ ಫಾರ್ ದ ರೆಡ್ ಸನ್' ಆಲ್ಬಮ್ ಹಾಕಿದೆ. ಎರಡು ಹಾಡು ಮುಗಿಯೋದರೊಳಗೆ ತಲೆ ಚಿಟ್ಟು ಹಿಡೀತು. ಬರೀ ಜರ್ ಅನ್ನೋ ಸದ್ದು, ನುಡಿಸಿದ್ದೇ ನುಡಿಸೋದು. ಇದನ್ನ ಗಾಂಜಾ ಹೊಡೆದು ಕೇಳ್ಬೇಕು, ಸುಮ್ನೆ ಕೇಳಿದ್ರೆ ಏನೂ ಸಿಗಲ್ಲ ಅಂತ ನನ್ನ ರೂಮ್‌ಮೇಟ್ ಹೇಳ್ತಾನೆ. ನಿಜಾನಾ? ಜನಕ್ಕೆ ಇದರಲ್ಲಿ ಅಷ್ಟೊಂದು ಹಿಡಿಸೋದು ಏನು?" (ಬಿ.ಕಾಂ. ವಿದ್ಯಾರ್ಥಿ, ಗಂಗಾವತಿ)

ಬಳ್ಳಾರಿಯ ನನ್ನ ಗಿಟಾರ್ ಕ್ಲಾಸಿನಲ್ಲಿ ಹೊಸ ಬ್ಯಾಚ್ ಬಂದಾಗಲೆಲ್ಲ ಈ ಪ್ರಶ್ನೆಯೂ ಬರುತ್ತದೆ. ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಈ ಸಲ ಕೂತು ಪೂರ್ತಿ ಬರೆಯುತ್ತಿದ್ದೇನೆ. ಇನ್ನು ಮೇಲೆ ಕೇಳಿದವರ ಕೈಗೆ ಇದನ್ನೇ ಕೊಡುತ್ತೇನೆ. ಕೈಯಸ್ ನುಡಿಸಿದ ಈ ಬಗೆಯ ಭಾರದ ರಾಕ್ ಸಂಗೀತಕ್ಕೆ ಸ್ಟೋನರ್ ರಾಕ್ ಅನ್ನುತ್ತಾರೆ. ಸ್ಟೋನರ್ ಅಂದರೆ ಗಾಂಜಾ ಸೇದುವವ.

ಮೊದಲು ಇದು ಹೇಳಿ, ಫೋನಿನ ಸ್ಪೀಕರಿನಲ್ಲಿ ಕೇಳಿದಿರಿ ಅಲ್ವಾ? ನೀವು ಬರೆದಿಲ್ಲ, ಆದರೆ "ಬರೀ ಜರ್" ಅಂದಾಗಲೇ ಗೊತ್ತಾಯಿತು. ಮಾಮೂಲಿ ಗಿಟಾರಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಕೈಯಸ್ ತಂಡದ ಗಿಟಾರಿಸ್ಟ್ ಜಾಶ್ ಹೋಮಿ ಅದನ್ನು ಇ ಸ್ವರದಿಂದ ಸಿ ಸ್ವರಕ್ಕೆ ಇಳಿಸಿದ. ಅಲ್ಲಿ ಅದು 65 ಸಲ. ಅಂಗೈಯಗಲದ ಫೋನಿನ ಸ್ಪೀಕರಿಗೆ 200ಕ್ಕಿಂತ ಕೆಳಗಿನ ಸದ್ದು ಸರಿಯಾಗಿ ಹೊರಡಿಸಲು ಆಗುವುದಿಲ್ಲ. ಹಾಗಾದರೆ ನಿಮ್ಮ ಕಿವಿಗೆ ಬಂದದ್ದು ಏನು? ಮೇಲಿನ ಕೆರೆತ ಮಾತ್ರ. ಅಡಿಯಲ್ಲಿದ್ದ ತೂಕ ಪೂರ್ತಿ ಹೋಯಿತು. ಈ ಸಂಗೀತದಲ್ಲಿ ಇರುವುದೇ ಆ ತೂಕ.

ಆ ಕೆರೆತಕ್ಕೆ ಫಜ್ ಅಂತ ಕರೆಯುತ್ತಾರೆ. 1960ರ ದಶಕದ ಶುರುವಿನಲ್ಲಿ ಅಮೆರಿಕದ ನ್ಯಾಶ್‌ವಿಲ್ ಊರಿನ ಸ್ಟುಡಿಯೋ ಒಂದರಲ್ಲಿ ರೆಕಾರ್ಡಿಂಗ್ ನಡೆಯುತ್ತಿದ್ದಾಗ ಮಿಕ್ಸರಿನ ಒಂದು ಚಾನೆಲ್ ಕೆಟ್ಟಿತು. ಗ್ರೇಡಿ ಮಾರ್ಟಿನ್ ನುಡಿಸುತ್ತಿದ್ದ ಬೇಸ್ ಗಿಟಾರಿನ ಸದ್ದು ಒಡೆದು ಗೊರಗೊರ ಅನ್ನತೊಡಗಿತು. ಅದನ್ನು ಅಳಿಸದೆ ಹಾಗೇ ಬಿಟ್ಟರು, ಜನರಿಗೆ ಅದೇ ಹಿಡಿಸಿತು. 1962ರಲ್ಲಿ ಆ ಸದ್ದು ಕೊಡುವ ಪೆಡಲ್, ಅಂದರೆ ಕಾಲಲ್ಲಿ ಒತ್ತುವ ಡಬ್ಬಿ, ಅಂಗಡಿಗೆ ಬಂತು. ಅದರ ಕೆಲಸ ಸರಳ. ಅಲೆಯ ತುದಿಯನ್ನು ಕತ್ತರಿಸಿ ಚಪ್ಪಟೆ ಮಾಡುತ್ತದೆ. ಕತ್ತರಿಸಿದಲ್ಲಿ ಹೊಸ ಸ್ವರಗಳು ಹುಟ್ಟುತ್ತವೆ, ಮೀಟಿದ್ದು ಒಂದೇ ತಂತಿಯಾದರೂ ದಪ್ಪನೆಯ ಗುಂಪು ಸದ್ದು ಬರುತ್ತದೆ.

ಇನ್ನು ಆಲ್ಬಮ್ ವಿಷಯ. 1992ರಲ್ಲಿ ಬಂದದ್ದು. ಹುಡುಗರು ಕ್ಯಾಲಿಫೋರ್ನಿಯಾದ ಪಾಮ್ ಡೆಸರ್ಟ್ ಕಡೆಯವರು. ಹೋಮಿಗೆ ಆಗಷ್ಟೇ 19 ತುಂಬಿತ್ತು. ಅಲ್ಲಿ ಇವರಿಗೆ ನುಡಿಸಲು ಜಾಗ ಸಿಗುತ್ತಿರಲಿಲ್ಲ. ಜನರೇಟರ್ ತಗೊಂಡು ಮರುಭೂಮಿಗೆ ಹೋಗುತ್ತಿದ್ದರು. ಸ್ಟೇಜಿಲ್ಲ, ಟಿಕೆಟ್ಟಿಲ್ಲ. ಜಾತ್ರೆಯ ಆರ್ಕೆಸ್ಟ್ರಾದಲ್ಲಿ ಲೈನ್‌ಮನ್ ಜೊತೆ ಓಡಾಡಿದವರಿಗೆ ಆ ಪಾಡು ಬಿಡಿಸಿ ಹೇಳಬೇಕಿಲ್ಲ. ಬಯಲಿನಲ್ಲಿ ಗೋಡೆ ಇರುವುದಿಲ್ಲ, ಸದ್ದು ತಿರುಗಿ ಬರುವುದಿಲ್ಲ. ಸಣ್ಣ ಸದ್ದು ಅಲ್ಲೇ ಕರಗಿ ಹೋಗುತ್ತದೆ. ಅಂಥಲ್ಲಿ ನುಡಿಸಿ ಬೆಳೆದವರ ಸದ್ದು ದಪ್ಪವಾಗಿರುವುದು ಸಹಜ. ಹೋಮಿಯಂತೂ ಗಿಟಾರನ್ನು ಬೇಸ್ ಗಿಟಾರಿನ ಆಂಪ್ಲಿಫೈಯರಿಗೆ (ಆಂಪ್) ಹಾಕಿ ನುಡಿಸುತ್ತಿದ್ದ. ನಿರ್ಮಾಪಕ ಕ್ರಿಸ್ ಗಾಸ್ ಆ ಸದ್ದಿಗೆ ಪಾಲಿಶ್ ಹೊಡೆಯಲಿಲ್ಲ. ಇದ್ದದ್ದನ್ನು ಇದ್ದಹಾಗೆ ಟೇಪಿಗೆ ತಂದ. ಹಸಿಯಾಗಿದೆ ಅಂತ ಜನ ಹೊಗಳುವುದು ಇದನ್ನೇ.

ಈಗ ನಿಮ್ಮ ರೂಮ್‌ಮೇಟ್ ಮಾತಿಗೆ ಬರೋಣ. ಇದಕ್ಕೆ ನಾನು ಜಾಸ್ತಿ ಜಾಗ ಕೊಡುತ್ತೇನೆ. ಈ ಒಂದು ಮಾತು ಎಷ್ಟು ಮಕ್ಕಳನ್ನು ಒಳ್ಳೆಯ ಸಂಗೀತದಿಂದ ದೂರ ಇಟ್ಟಿದೆ, ಎಷ್ಟು ಮಕ್ಕಳನ್ನು ಕೆಟ್ಟ ಚಟದ ಹತ್ತಿರ ಕರೆದೊಯ್ದಿದೆ ಅನ್ನೋದನ್ನು ಕಣ್ಣಾರೆ ಕಂಡಿದ್ದೇನೆ.

ನಮ್ಮ ಕಡೆ ಈ ಮಾತು ಗಟ್ಟಿಯಾಗಿ ಕೂರಲು ಒಂದು ಕಾರಣ ಇದೆ. ಈ ಸಂಗೀತಕ್ಕೆ ಸೈಕೆಡೆಲಿಕ್, ಅಂದರೆ ಮನಸ್ಸನ್ನು ಬೇರೆ ಲೋಕಕ್ಕೆ ಒಯ್ಯುವಂಥದ್ದು, ಅಂತಲೂ ಅನ್ನುತ್ತಾರೆ. ಕೊಪ್ಪಳ, ಗಂಗಾವತಿ, ಹೊಸಪೇಟೆಯಲ್ಲಿ "ಸೈಕೆಡೆಲಿಕ್" ಅಂದರೆ ಎಲ್ಲರ ತಲೆಗೂ ಬರುವುದು ಹಂಪಿ ಹತ್ತಿರದ ವಿರೂಪಾಪುರಗಡ್ಡೆ. ಹೊಳೆಯಾಚೆಯ ರೆಸಾರ್ಟುಗಳು, ವಿದೇಶಿಯರು, ರಾತ್ರಿಯ ಪಾರ್ಟಿ, ಗಾಂಜಾ ಕೇಸು. 2020ರಲ್ಲಿ ಸುಪ್ರೀಂ ಕೋರ್ಟ್ ಆದೇಶದ ಮೇಲೆ ಆ ರೆಸಾರ್ಟುಗಳನ್ನು ಕೆಡವಿದರು, ಹೆಸರು ಮಾತ್ರ ಉಳಿಯಿತು. ಆದರೆ ಅಂಥ ಪಾರ್ಟಿಗಳಲ್ಲಿ ಹಾಕುವುದು ಸೈಟ್ರಾನ್ಸ್. ಗೋವಾದ ಬೀಚುಗಳಲ್ಲಿ ಬೆಳೆದ ಸಂಗೀತ ಅದು. ಸಿಂಥ್ ಮತ್ತು ಕಂಪ್ಯೂಟರಿನಲ್ಲಿ ಮಾಡಿದ್ದು, ನಿಮಿಷಕ್ಕೆ ಸುಮಾರು 140 ಬೀಟ್, ಪ್ರತಿ ಬೀಟಿಗೂ ಒಂದು ಗುದ್ದು. ಕೈಯಸ್ ನುಡಿಸುವುದು ಗಿಟಾರ್, ಬೇಸ್, ಡ್ರಮ್ಸ್. ಬಹಳ ಕಡೆ ನಿಧಾನ ನಡೆ. ಎರಡಕ್ಕೂ ಸಂಬಂಧ ಇಲ್ಲ. ಎರಡೂ ಕೇಳದವರು ಎರಡನ್ನೂ ಒಂದೇ ಅನ್ನುತ್ತಾರೆ.

ಇನ್ನೊಂದು ಕಾರಣ ಹೆಸರು. ಕೈಯಸ್ ತಂಡ ಒಡೆದದ್ದು 1995ರಲ್ಲಿ. ಸ್ಟೋನರ್ ರಾಕ್ ಅನ್ನುವ ಚೀಟಿ ಎಲ್ಲೆಡೆ ಅಂಟಿದ್ದು ತೊಂಬತ್ತರ ದಶಕದ ಕೊನೆಗೆ. ಯಾರೋ ಆಮೇಲೆ ಅಂಟಿಸಿದ ಚೀಟಿ ನೋಡಿ ಒಳಗಿನ ಸರಕು ಹೀಗೇ ಅಂತ ತೀರ್ಮಾನ ಮಾಡಬೇಡಿ.

ಹಾಗಾದರೆ ಈ ಭಾರದ ಸದ್ದು ಬಂದದ್ದು ಎಲ್ಲಿಂದ? ಇದನ್ನು ನಾನು ಕ್ಲಾಸಿನಲ್ಲಿ ಹೆಮ್ಮೆಯಿಂದ ಹೇಳುತ್ತೇನೆ. ಬಂದದ್ದು ಕಾರ್ಖಾನೆಯಿಂದ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಊರಿನ ಗಿಟಾರಿಸ್ಟ್ ಟೋನಿ ಅಯೋಮಿ 17ನೇ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಕೆಲಸದ ಕೊನೆಯ ದಿನವೇ ಮಷೀನಿಗೆ ಬಲಗೈ ಸಿಕ್ಕಿ ಎರಡು ಬೆರಳಿನ ತುದಿ ಹೋಯಿತು. ಅವನು ಎಡಚ. ಬಲಗೈ ಅಂದರೆ ತಂತಿ ಒತ್ತುವ ಕೈ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡ, ತೆಳ್ಳನೆಯ ತಂತಿ ಹಾಕಿದ. ಆಮೇಲೆ ತಂತಿಯ ಬಿಗಿಯನ್ನೇ ಇಳಿಸಿದ. ಬ್ಲ್ಯಾಕ್ ಸಬಾತ್ ತಂಡದ 1971ರ ಮೂರನೇ ಆಲ್ಬಮಿನಲ್ಲಿ ಅವನ ಗಿಟಾರು ಎಷ್ಟೋ ಹಾಡಿಗೆ ಮೂರು ಸೆಮಿಟೋನ್ (ಅರ್ಧ ಸ್ವರ) ಕೆಳಗಿದೆ. ತಂತಿ ಸಡಿಲ ಆದರೆ ನೋಯುವ ಬೆರಳಿಗೆ ಸುಲಭ, ಸದ್ದಿಗೆ ತೂಕ. ಸ್ಟೋನರ್ ರಾಕ್ ಅನ್ನುವುದೆಲ್ಲ ಈ ಆಲ್ಬಮಿನ ನೆರಳಿನಲ್ಲೇ ಬೆಳೆದದ್ದು. ಅದರ ಮೊದಲ ಹಾಡು ಗಾಂಜಾ ಮೇಲೆಯೇ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಹಾಡಿನ ವಿಷಯ ಬೇರೆ, ಸದ್ದಿನ ಹುಟ್ಟು ಬೇರೆ. ತೋರಣಗಲ್ಲಿನ ಕಡೆ ಕಾರ್ಖಾನೆಯಲ್ಲಿ ದುಡಿಯುವವರ ಮಕ್ಕಳು ನನ್ನ ಕ್ಲಾಸಿಗೆ ಬರುತ್ತಾರೆ. ಅವರಿಗೆ ಈ ಕಥೆ ಒಂದೇ ಸಲಕ್ಕೆ ಹೋಗುತ್ತದೆ.

"ನುಡಿಸುವವರು ನಶೆಯಲ್ಲೇ ನುಡಿಸ್ತಾರಲ್ವಾ ಸರ್?" ಅಂತ ಮುಂದಿನ ಪ್ರಶ್ನೆ ಬರುತ್ತದೆ. ಸೇದಿದವರು ಬೇಕಾದಷ್ಟು ಜನ ಇದ್ದಾರೆ. ಸ್ಲೀಪ್ ತಂಡದವರು ಅದನ್ನು ರಾಜಾರೋಷವಾಗಿ ಹಾಡಿದ್ದಾರೆ. ಆದರೆ ಅದೇ ತಂಡದ 'ಡೋಪ್‌ಸ್ಮೋಕರ್' ನೋಡಿ. ಒಂದೇ ಹಾಡು, 63 ನಿಮಿಷ. ಒಂದು ಟೇಪ್ ರೀಲಿನಲ್ಲಿ ಅಷ್ಟು ಹಿಡಿಸುವುದಿಲ್ಲ. ತುಂಡು ತುಂಡಾಗಿ ನುಡಿಸಿ ಜೋಡಿಸಬೇಕಾಯಿತು. ಮುಂದಿನ ತುಂಡು ಹಿಂದಿನದರ ವೇಗಕ್ಕೆ, ಬಿಗಿಗೆ, ಸದ್ದಿಗೆ ಸರಿಯಾಗಿ ಕೂರಬೇಕು. ಯಾವ ತಿರುವು ಎಷ್ಟನೇ ಸುತ್ತಿಗೆ ಅಂತ ಮೂವರಿಗೂ ನೆನಪಿರಬೇಕು. ಇದು ಬರೀ ಮಂಪರಿನಿಂದ ಆಗುವ ಕೆಲಸವಲ್ಲ, ರಿಯಾಜಿನ ಕೆಲಸ. ನಿಧಾನ ನಡೆ ಸುಲಭ ಅಂದುಕೊಂಡವರು ಒಮ್ಮೆ ಡ್ರಮ್ಸ್ ಮುಂದೆ ಕೂತು ನೋಡಲಿ. ಎರಡು ಪೆಟ್ಟಿನ ನಡುವೆ ಜಾಗ ಜಾಸ್ತಿ, ಎಡವಲಿಕ್ಕೂ ಜಾಗ ಜಾಸ್ತಿ. ನನ್ನಲ್ಲಿ ಮಕ್ಕಳು ಫಾಸ್ಟ್ ಹಾಡನ್ನು ಬೇಗ ಕಲಿಯುತ್ತಾರೆ. ನಿಧಾನದ್ದರಲ್ಲಿ ಓಡಿಬಿಡುತ್ತಾರೆ.

ಉಳಿದದ್ದು ಕೇಳುವವರ ಮಾತು. ಇಲ್ಲಿ ಕೆಲಸ ಮಾಡುವುದು ಮೂರು: ಕೆಳಗಿನ ಸ್ವರ, ಫಜ್, ಮತ್ತೆ ಮತ್ತೆ ಬರುವ ರಿಫ್, ಅಂದರೆ ಗಿಟಾರಿನ ಸಣ್ಣ ಸ್ವರದ ತುಣುಕು. ಮೂರೂ ಗಾಳಿಯಲ್ಲಿ ಇವೆ, ಅಳೆಯಬಹುದು, ಎಚ್ಚರ ಇರುವವರ ಕಿವಿಗೂ ಮೈಗೂ ತಟ್ಟುತ್ತವೆ. ನನ್ನ ಒಬ್ಬ ವಿದ್ಯಾರ್ಥಿನಿಯ ತಂದೆ ಜೀನ್ಸ್ ಹೊಲಿಗೆ ಕೆಲಸದವರು. ಮಗಳನ್ನು ಕರೆದೊಯ್ಯಲು ಬಂದಾಗ ಒಳಗೆ ಈ ಆಲ್ಬಮಿನ ಒಂದು ರಿಫ್ ನಡೆದಿತ್ತು. ಅವರು ಟೀ ಲೋಟವನ್ನು ಆಂಪ್ ಮೇಲೆ ಇಟ್ಟರು. ಕೆಳಗಿನ ಸಿ ಮೀಟಿದಾಗ ಲೋಟ ಟಿಣಿಟಿಣಿ ಅನ್ನುತ್ತ ಅಂಚಿನ ಕಡೆ ಸರಿಯಿತು, ಟೀ ಮೇಲೆ ಸಣ್ಣ ಸುತ್ತುಗಳು ಎದ್ದವು. ಅವರು ಲೋಟ ತೆಗೆದು ಆ ಜಾಗದಲ್ಲಿ ಅಂಗೈ ಊರಿದರು. ರಿಫ್ ಮುಗಿಯುವವರೆಗೂ ಕೈ ತೆಗೆಯಲಿಲ್ಲ. "ಇದು ಎದೀಗೆ ಬರ್ತದ ನೋಡ್ರಿ ಸರ" ಅಂದರು. ಬೀಡಿಯನ್ನೂ ಮುಟ್ಟದ ಮನುಷ್ಯ. ಅವರಿಗೆ ಯಾರೂ ಏನನ್ನೂ ವಿವರಿಸಿರಲಿಲ್ಲ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಗಾಂಜಾ ಇಟ್ಟುಕೊಂಡರೂ ಅಪರಾಧ, ಸೇದಿದರೂ ಅಪರಾಧ. ಒಂದು ಆಲ್ಬಮ್ ಕೇಳಲು ಹೋಗಿ ಡಿಗ್ರಿ ಹಾಳು ಮಾಡಿಕೊಳ್ಳಬೇಡಿ. ರೂಮ್‌ಮೇಟಿಗೂ ಇದನ್ನು ಓದಿಸಿ.

"ನುಡಿಸಿದ್ದೇ ನುಡಿಸ್ತಾರೆ" ಅಂದಿರಿ. ಹೌದು, ಬೇಕು ಅಂತಲೇ. ದರೋಜಿಯ ಬುರ್ರಕಥಾ ಈರಮ್ಮನವರು 2014ರಲ್ಲಿ ತೀರಿಕೊಂಡರು. ನಿಮ್ಮ ಮನೆಯ ಹಿರಿಯರು ಅವರನ್ನು ಕೇಳಿರಬಹುದು. ತಂಬೂರಿಯ ಒಂದೇ ಶ್ರುತಿ, ಅದೇ ತಾಳ, ಅದರ ಮೇಲೆ ಕುಮಾರರಾಮನ ಕಥೆ ರಾತ್ರಿಯಿಡೀ ನಡೆಯುತ್ತಿತ್ತು. ಮೊದಮೊದಲು ತಾಳ ಕೇಳುತ್ತದೆ. ಸ್ವಲ್ಪ ಹೊತ್ತಿಗೆ ತಾಳದ ಕಡೆ ಗಮನವೇ ಹೋಗುವುದಿಲ್ಲ. ಆಗ ಧ್ವನಿಯಲ್ಲಿ ಆಗುವ ಸಣ್ಣ ಬದಲಾವಣೆಯೂ ದೊಡ್ಡದಾಗಿ ಕಾಣುತ್ತದೆ. ಇಲ್ಲಿಯೂ ಹಾಗೇ. ರಿಫ್ ಏಳೆಂಟು ಸಲ ಬಂದ ಮೇಲೆ ಕಿವಿ ಅದನ್ನು ಬಿಟ್ಟು ಬೇರೆ ಕಡೆ ನೋಡತೊಡಗುತ್ತದೆ. ಡ್ರಮ್ಮರ್ ಬ್ರ್ಯಾಂಟ್ ಬ್ಯೋರ್ಕ್ ಒಂದು ಪೆಟ್ಟನ್ನು ಕೂದಲೆಳೆಯಷ್ಟು ತಡಮಾಡಿ ಹಾಕಿದ್ದು, ಬೇಸ್ ಒಂದು ಸ್ವರ ಜಾರಿದ್ದು, ಫಜ್ ಸದ್ದು ಆರುತ್ತಾ ಬೇರೆ ಸ್ವರವಾದದ್ದು ಕೇಳಿಸುತ್ತವೆ. ಹೊತ್ತು ಹೋದದ್ದು ಗೊತ್ತಾಗುವುದಿಲ್ಲ. ಸೈಕೆಡೆಲಿಕ್ ಅನ್ನುವುದು ಈ ಅನುಭವಕ್ಕೆ. ಅದನ್ನು ಮಾಡುವುದು ಸಂಗೀತವೇ.

ಬಿಸಿಲಿನ ಊರಿನವರಿಗೆ ಮಾತ್ರ ಇದು ಹಿಡಿಸುತ್ತದೆ ಅಂತಲೂ ಕೆಲವರು ಹೇಳುತ್ತಾರೆ. ಇಂಗ್ಲೆಂಡಿನ ಡಾರ್ಸೆಟ್ ಮಳೆಯ ಸೀಮೆ, ಇದೇ ಬಗೆಯ ಭಾರದ ಸಂಗೀತ ನುಡಿಸುವ ಎಲೆಕ್ಟ್ರಿಕ್ ವಿಝರ್ಡ್ ತಂಡ ಅಲ್ಲಿಯದೇ. ಅಲ್ಲಿಗೆ ಆ ಮಾತು ಮುಗಿಯಿತು.

ಈಗ ನೀವು ಮಾಡಬೇಕಾದದ್ದು. ಒಂದು ಸುಮಾರಾದ ಹೆಡ್‌ಫೋನ್ ಸಾಕು. ಆಲ್ಬಮ್ ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ ಇದೆ. ಮೊದಲಿನಿಂದ ಹಾಕಿ, ಶಫಲ್ ಬೇಡ. 1994ರ ಮುಂದಿನ ಆಲ್ಬಮಿನ ಸಿಡಿಯಲ್ಲಿ ಇವರು ಹಾಡುಗಳನ್ನು ಮೂರೇ ಉದ್ದ ಟ್ರ್ಯಾಕ್ ಮಾಡಿ ಜೋಡಿಸಿದ್ದರು, ಹಾರಿಸಿ ಕೇಳಬಾರದು ಅಂತಲೇ. ವಾಲ್ಯೂಮ್ ಕಿವಿ ನೋಯುವಷ್ಟು ಬೇಡ. ಆಮೇಲೂ ಹಿಡಿಸದಿದ್ದರೆ ಬಿಡಿ, ಅದು ನಿಮ್ಮ ರುಚಿ.

ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಈ ಆಲ್ಬಮ್ ಹಿಡಿಸಿದ ಮಕ್ಕಳು ಮರುದಿನವೇ ತಮ್ಮ ಗಿಟಾರಿನ ಕಿವಿ ತಿರುಗಿಸಿ ಸಿ ಸ್ವರಕ್ಕೆ ಇಳಿಸುತ್ತಾರೆ. ಆಮೇಲೆ "ಸರ್, ಕಟಕಟ ಅಂತದೆ" ಅಂತ ಹೊತ್ತು ತರುತ್ತಾರೆ. ಅನ್ನದೆ ಇರುತ್ತದಾ? ಇ ಸ್ವರದಿಂದ ಸಿ ಸ್ವರಕ್ಕೆ ಇಳಿಸಿದರೆ ಅದೇ ತಂತಿಯ ಎಳೆತ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕಡಿಮೆಯಾಗುತ್ತದೆ. ತಂತಿ ಜೋತು ಕೆಳಗಿನ ಲೋಹದ ಪಟ್ಟಿಗೆ, ಅಂದರೆ ಫ್ರೆಟ್ಟಿಗೆ, ಬಡಿಯುತ್ತದೆ. ಗಿಟಾರಿನ ಕತ್ತು, ಅಂದರೆ ನೆಕ್, ಹಿಂದಕ್ಕೆ ವಾಲುತ್ತದೆ. ಅಂಗಡಿಯಲ್ಲಿ ಮಾಮೂಲಿ ಸಿಗುವುದು 10ರಿಂದ 46ರ ಸೆಟ್, ಈ ನಂಬರು ತಂತಿಯ ದಪ್ಪದ್ದು. ಇದಕ್ಕೆ 11ರಿಂದ 54, ಇಲ್ಲವೇ 12ರಿಂದ 56ರ ಸೆಟ್ ಕೇಳಿ. ದಪ್ಪ ತಂತಿ ಹಳೆಯ ನಟ್ಟಿನ (ನೆಕ್ಕಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಸೀಳಿನಲ್ಲಿ ಕೂರದಿದ್ದರೆ ನೀವೇ ಉಜ್ಜಲು ಹೋಗಬೇಡಿ, ಗೊತ್ತಿದ್ದವರ ಹತ್ತಿರ ಕೊಡಿ. ನೆಕ್ಕಿನ ಒಳಗಿರುವ ಲೋಹದ ಸರಳನ್ನು, ಅಂದರೆ ಟ್ರಸ್ ರಾಡನ್ನು, ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸಬಾರದು.

ನಮ್ಮ ಕಡೆ ಇನ್ನೊಂದು ತೊಂದರೆ ಬೇಸಿಗೆ. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ, ಗಾಳಿ ಒಣಗಿರುತ್ತದೆ. ಗಿಟಾರಿನ ಮರಕ್ಕೆ ಹೊಂದುವುದು 45ರಿಂದ 55 ಶೇಕಡಾ ತೇವ. ಒಣಗಿದರೆ ಮರ ಕುಗ್ಗುತ್ತದೆ, ಫ್ರೆಟ್ಟಿನ ಅಂಚು ಹೊರಗೆ ಬಂದು ಅಂಗೈ ಗೀರುತ್ತದೆ, ಅಕೌಸ್ಟಿಕ್ ಗಿಟಾರಿನ ಮೈ ಸೀಳುವುದೂ ಉಂಟು. ತಗಡಿನ ಛಾವಣಿಯ ಕೆಳಗೆ, ಅಟ್ಟದ ಮೇಲೆ ಇಡಲೇಬೇಡಿ. ಕೂಲರಿನ ಎದುರೂ ಬೇಡ. ಕೂಲರ್ ಇದ್ದಾಗ ತೇವ, ಕರೆಂಟ್ ಹೋದಾಗ ಒಣಗು, ಈ ಏರಿಳಿತ ಮರಕ್ಕೆ ಇನ್ನೂ ಕೆಟ್ಟದ್ದು. ನುಡಿಸಿ ಆದ ಮೇಲೆ ಕೇಸಿನಲ್ಲಿಟ್ಟು ಮುಚ್ಚಿ. ರಂಧ್ರ ಇರುವ ಸೋಪಿನ ಡಬ್ಬಿಯಲ್ಲಿ ಒದ್ದೆ ಸ್ಪಂಜನ್ನು ಚೆನ್ನಾಗಿ ಹಿಂಡಿ ಕೇಸಿನ ಮೂಲೆಯಲ್ಲಿಡಿ. ನೀರು ತೊಟ್ಟಿಕ್ಕಬಾರದು, ಸ್ಪಂಜು ಮರಕ್ಕೆ ತಾಗಬಾರದು. ಎರಡು ದಿನಕ್ಕೊಮ್ಮೆ ನೋಡಿ, ಒಣಗಿದ್ದರೆ ಮತ್ತೆ ಒದ್ದೆ ಮಾಡಿ.