ಬೂಸ್ಟ್ ಏರಿಸುವ ಮೊದಲು ಸೆನ್ಸರ್ ಏನು ಹೇಳುತ್ತಿದೆ ನೋಡಿ

ಟರ್ಬೊ ಕಾರು ತಂದವರು ಮೊದಲು ಕೇಳುವುದು ಒಂದೇ, "ಬೂಸ್ಟ್ ಇನ್ನೂ ಸ್ವಲ್ಪ ಏರಿಸಿ ಕೊಡಿ ಸಾರ್." ಬೂಸ್ಟ್ ಅಂದರೆ ಟರ್ಬೊ ಎಂಜಿನ್‌ಗೆ ತಳ್ಳುವ ಗಾಳಿಯ ಒತ್ತಡ ಹೊರಗಿನ ಗಾಳಿಗಿಂತ ಎಷ್ಟು ಜಾಸ್ತಿ ಅನ್ನುವುದು. ಅದನ್ನು ಏರಿಸುವುದು ದೊಡ್ಡ ಕೆಲಸವೇನಲ್ಲ. ಎಕ್ಸಾಸ್ಟ್ ಹೊಗೆಯನ್ನು ಟರ್ಬೊಗೆ ಬಿಡದೆ ಪಕ್ಕಕ್ಕೆ ಕಳಿಸುವ ವೇಸ್ಟ್‌ಗೇಟ್ ಕವಾಟ ತಡವಾಗಿ ತೆರೆಯುವ ಹಾಗೆ ಮಾಡಿದರೆ ಆಯ್ತು, ಟರ್ಬೊ ಇನ್ನೂ ಜೋರಾಗಿ ತಿರುಗಿ ಜಾಸ್ತಿ ಗಾಳಿ ತಳ್ಳುತ್ತದೆ. ಆದರೆ ಎಷ್ಟು ಗಾಳಿ ಬಂತು ಅಂತ ಎಂಜಿನ್‌ನ ಕಂಪ್ಯೂಟರ್ ಆದ ಇಸಿಯುಗೆ ಗೊತ್ತಾಗಬೇಕಲ್ವಾ? ಎಂಜಿನ್ ಕೆಡುವುದು ಹೆಚ್ಚಾಗಿ ಇಲ್ಲೇ.

ಮ್ಯಾಪ್ ಸೆನ್ಸರ್ ತೆಗೆದುಕೊಳ್ಳಿ. ಇನ್‌ಟೇಕ್ ಮ್ಯಾನಿಫೋಲ್ಡ್‌ನ ಒತ್ತಡ ಅಳೆಯುವುದು ಇದರ ಕೆಲಸ. 2 ಬಾರ್ ಸೆನ್ಸರ್ ಅಂದರೆ 2 ಬಾರ್ ಬೂಸ್ಟ್ ನೋಡುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹೊರಗಿನ ಗಾಳಿಯ ಒತ್ತಡವೇ ಅದರಲ್ಲಿ ಸುಮಾರು 1 ಬಾರ್ ತಿಂದುಬಿಡುತ್ತದೆ, ಬೂಸ್ಟ್‌ಗೆ ಉಳಿಯುವುದು ಇನ್ನೊಂದೇ. ನೀವು 1.3 ಬಾರ್ ಬೂಸ್ಟ್ ಕೊಟ್ಟರೂ ಸೆನ್ಸರ್ 2ಕ್ಕೇ ನಿಂತಿರುತ್ತದೆ, ಇಸಿಯು ಅಷ್ಟಕ್ಕೇ ಪೆಟ್ರೋಲ್ ಹಾಕುತ್ತದೆ, ಮೇಲಿನ ಗಾಳಿಯ ಲೆಕ್ಕ ಯಾರಿಗೂ ಇಲ್ಲ. ಮಿಕ್ಸ್ಚರ್ ಲೀನ್ ಆಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇರುವುದಿಲ್ಲ. ಸೆನ್ಸರ್ ಅಂಕಿಗಳ ದಾಖಲೆಯಾದ ಲಾಗ್‌ನಲ್ಲಿ ಒತ್ತಡದ ಗೆರೆ ಮೇಲೆ ಹೋಗಿ ಹಲಗೆ ಇಟ್ಟ ಹಾಗೆ ಚಪ್ಪಟೆಯಾಗಿ ಕಂಡರೆ ಅಲ್ಲೇ ನಿಲ್ಲಿಸಿ, ಮೊದಲು 3 ಬಾರ್ ಸೆನ್ಸರ್ ಹಾಕಿಸಿ, ಇಸಿಯುನಲ್ಲಿ ಅದರ ಕ್ಯಾಲಿಬ್ರೇಷನ್ ಕೂಡ ಬದಲಾಯಿಸಿ.

ಇನ್ನು ಪೆಟ್ರೋಲ್ ಕಡೆ. ಪೋರ್ಟ್ ಇಂಜೆಕ್ಷನ್ (ಪೆಟ್ರೋಲನ್ನು ಮ್ಯಾನಿಫೋಲ್ಡ್ ಕಡೆ ಸಿಂಪಡಿಸುವ) ಎಂಜಿನ್‌ನಲ್ಲಿ, ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಕೊಡುವ ಫ್ಯೂಯಲ್ ರೈಲ್‌ನ ಒತ್ತಡ 3 ಬಾರ್ ಇದೆ ಅಂದುಕೊಳ್ಳಿ. ಇಂಜೆಕ್ಟರ್‌ನ ಆ ಕಡೆ 1 ಬಾರ್ ಬೂಸ್ಟ್ ಎದುರು ನಿಂತಿದೆ. ರೈಲ್ ಒತ್ತಡ ಹೊಂದಿಸುವ ರೆಗ್ಯುಲೇಟರ್‌ಗೆ ಬೂಸ್ಟ್ ಪೈಪ್ ಸೇರಿಸದೇ ಇದ್ದರೆ ಕೆಲಸಕ್ಕೆ ಬರುವ ಒತ್ತಡ 2 ಬಾರ್ ಮಾತ್ರ, ಇಂಜೆಕ್ಟರ್ ಬಿಡುವ ಪೆಟ್ರೋಲ್ ಶೇ. 18ರಷ್ಟು ಇಳಿಯುತ್ತದೆ, ಅದೂ ಎಂಜಿನ್‌ಗೆ ಜಾಸ್ತಿ ಬೇಕಾದ ಹೊತ್ತಿನಲ್ಲೇ. ಪೈಪ್ ಸೇರಿಸಿದ್ದರೆ ಬೂಸ್ಟ್ ಏರಿದಷ್ಟೇ ರೈಲ್ ಒತ್ತಡವೂ ಏರಬೇಕು. ಹೈ ಆರ್‌ಪಿಎಂನಲ್ಲಿ ಏರದೆ ಕುಸಿದರೆ ಪಂಪ್ ಸೋತಿದೆ ಅಂತ ಅರ್ಥ, ಅಂಥ ಕಾರಿಗೆ ಸುಮ್ನೆ ದೊಡ್ಡ ಇಂಜೆಕ್ಟರ್ ಹಾಕಿ ಏನೂ ಪ್ರಯೋಜನವಿಲ್ಲ.

ಮಿಕ್ಸ್ಚರ್ ಅಳೆಯಲು ವೈಡ್‌ಬ್ಯಾಂಡ್ ಸೆನ್ಸರ್ ಬೇಕೇ ಬೇಕು. ನ್ಯಾರೋಬ್ಯಾಂಡ್ ಆಕ್ಸಿಜನ್ ಸೆನ್ಸರ್ ಗಾಳಿ-ಪೆಟ್ರೋಲ್‌ನ ಸರಿಯಾದ ಅನುಪಾತ 14.7ರ ಆಚೆಯೋ ಈಚೆಯೋ ಅಂತಷ್ಟೇ ಹೇಳುತ್ತದೆ, ಪೂರ್ತಿ ಬೂಸ್ಟ್‌ನಲ್ಲಿ ನಮಗೆ ಬೇಕಾದದ್ದು ಲ್ಯಾಂಬ್ಡಾ (ಆ 14.7 ಅನ್ನು 1 ಅಂತ ಎಣಿಸುವ ಅಳತೆ) 0.8ರ ಆಸುಪಾಸು, ಅಲ್ಲಿ ಅದು ಕುರುಡು. ಆದರೆ ವೈಡ್‌ಬ್ಯಾಂಡ್ ಹೇಳಿದ್ದನ್ನೂ ಕಣ್ಣು ಮುಚ್ಚಿ ನಂಬಬೇಡಿ. ಬೂಸ್ಟ್ ಜಾಸ್ತಿಯಾದಾಗ ಪ್ಲಗ್‌ನ ಕಿಡಿ ಆರಿಹೋಗಿ ಮಿಸ್‌ಫೈರ್ ಆಗುವುದುಂಟು. ಆಗ ಸುಡದ ಆಕ್ಸಿಜನ್ ನೇರ ಎಕ್ಸಾಸ್ಟ್‌ಗೆ ಬರುತ್ತದೆ, ಸೆನ್ಸರ್ ನೋಡುವುದು ಆಕ್ಸಿಜನ್ ಅನ್ನೇ, ಹಾಗಾಗಿ ಲೀನ್ ಅಂತ ತೋರಿಸುತ್ತದೆ! ಹೊಸಬರು ಅದನ್ನು ನೋಡಿ ಇನ್ನಷ್ಟು ಪೆಟ್ರೋಲ್ ಸುರಿಯುತ್ತಾರೆ, ಮಿಸ್‌ಫೈರ್ ಇನ್ನೂ ಜಾಸ್ತಿಯಾಗುತ್ತದೆ, ಗೇಜ್ ಇನ್ನೂ ಲೀನ್ ಅನ್ನುತ್ತದೆ. ಗ್ಯಾಪ್ 1.1 ಮಿ.ಮೀ. ಇದ್ದ ಪ್ಲಗ್ ತೆಗೆದು 0.7ಕ್ಕೆ ಇಳಿಸಿ ನೋಡಿ. ಎಷ್ಟೋ ಸಲ ಅಷ್ಟರಲ್ಲೇ ಸರಿಹೋಗುತ್ತದೆ.

ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ. 30 ಡಿಗ್ರಿ ಸೆಲ್ಸಿಯಸ್ ಗಾಳಿ 1 ಬಾರ್ ಬೂಸ್ಟ್‌ನಲ್ಲಿ ಟರ್ಬೊದ ಕಂಪ್ರೆಸರ್ ದಾಟುವಷ್ಟರಲ್ಲಿ ಸುಮಾರು 120 ಡಿಗ್ರಿ ಮುಟ್ಟುತ್ತದೆ. ಇಂಟರ್‌ಕೂಲರ್ ಇರುವುದು ಇದಕ್ಕೇ. ಗಾಳಿಯ ಬಿಸಿ ಅಳೆಯುವ ಸೆನ್ಸರ್ ಇಂಟರ್‌ಕೂಲರ್ ಆದ ಮೇಲೆ ಇರಬೇಕು, ಏರ್ ಫಿಲ್ಟರ್ ಹತ್ತಿರ ಇದ್ದರೆ ಅದು ಹೇಳುವುದು ಹೊರಗಿನ ಹವೆ ಮಾತ್ರ. ಬಿಸಿ ಏರಿದರೆ ನಾಕಿಂಗ್ ಶುರು, ಅಂದರೆ ಕಿಡಿಯ ಬೆಂಕಿ ತಲುಪುವ ಮೊದಲೇ ಉಳಿದ ಮಿಕ್ಸ್ಚರ್ ತಾನಾಗಿ ಸಿಡಿಯುತ್ತದೆ. ಇದು ಹಳೆಯ ತಲೆನೋವು. 1962ರ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಮೊದಮೊದಲ ಟರ್ಬೊ ಕಾರುಗಳಲ್ಲಿ ಒಂದು, ಸಿಲಿಂಡರ್‌ನಲ್ಲಿ ಮಿಕ್ಸ್ಚರ್ ಒತ್ತುವ ಕಂಪ್ರೆಷನ್ ಅನುಪಾತ 10.25:1. ನಾಕಿಂಗ್ ತಡೆಯಲು ಅದರಲ್ಲಿ ನೀರು ಮತ್ತು ಮೆಥನಾಲ್ ಬೆರಕೆಯನ್ನು ಸಿಂಪಡಿಸುವ ಬೇರೆ ಟ್ಯಾಂಕೇ ಇತ್ತು. ಜನ ಅದನ್ನು ತುಂಬಿಸಲು ಮರೆಯುತ್ತಿದ್ದರು, ಖಾಲಿಯಾದರೆ ಕಾರು ತಾನೇ ಬೂಸ್ಟ್ ಇಳಿಸುತ್ತಿತ್ತು, ಆಮೇಲೆ ಪಿಕಪ್ ಇಲ್ಲ ಅಂತ ದೂರು!

ಈಗ ಆ ಕಾವಲು ನಾಕ್ ಸೆನ್ಸರ್‌ನದ್ದು. ಎಂಜಿನ್ ಬ್ಲಾಕ್‌ನ ಅದುರಾಟ ಕೇಳಿ ಇಸಿಯುಗೆ ಹೇಳುತ್ತದೆ, ಇಸಿಯು ಟೈಮಿಂಗ್ (ಕಿಡಿ ಹೊತ್ತಿಸುವ ಹೊತ್ತು) ಹಿಂದೆ ತಳ್ಳುತ್ತದೆ. ಫೋರ್ಜ್ಡ್ (ಬಡಿದು ಗಟ್ಟಿ ಮಾಡಿದ) ಪಿಸ್ಟನ್ ಹಾಕಿದ ಎಂಜಿನ್ ತಣ್ಣಗಿರುವಾಗ ತಾನೇ ಗದ್ದಲ ಮಾಡುತ್ತದೆ, ಅದನ್ನೂ ಇದು ನಾಕಿಂಗ್ ಅಂತ ತಿಳಿಯಬಹುದು. ಹಾಗಂತ ಸೆನ್ಸರ್ ಆಫ್ ಮಾಡಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಎಂಜಿನ್ ಬಿಸಿಯಾದ ಮೇಲೆ ಸೆನ್ಸಿಟಿವಿಟಿ ಹೊಂದಿಸಿಕೊಳ್ಳಿ, ಸಾಕು.

ಆಕ್ಟೇನ್ ಜಾಸ್ತಿ ಇರುವ ಪೆಟ್ರೋಲ್ ತಾನಾಗಿ ಪವರ್ ಕೊಡುವುದಿಲ್ಲ, ನಾಕಿಂಗ್ ತಡೆಯುತ್ತದೆ ಅಷ್ಟೇ. ಟೈಮಿಂಗ್ ಮುಂದೆ ತಂದರೆ ಮಾತ್ರ ಲಾಭ. ಇ85, ಅಂದರೆ ಸುಮಾರು ಶೇ. 85 ಎಥನಾಲ್ ಇರುವ ಇಂಧನ, ಈ ವಿಷಯದಲ್ಲಿ ತುಂಬಾ ಒಳ್ಳೆಯದು, ಒಳಗೆ ತಂಪೂ ಮಾಡುತ್ತದೆ, ಆದರೆ ಅದೇ ಗಾಳಿಗೆ ಪೆಟ್ರೋಲ್‌ಗಿಂತ ಮೂರನೇ ಒಂದು ಭಾಗಕ್ಕೂ ಜಾಸ್ತಿ ಬೇಕು. ಪಂಪ್, ಇಂಜೆಕ್ಟರ್ ಎರಡಕ್ಕೂ ತಾಕತ್ತು ಇದೆಯಾ ನೋಡಿಕೊಳ್ಳಿ. ಒಂದು ದಿನ ಪೆಟ್ರೋಲ್, ಇನ್ನೊಂದು ದಿನ ಇ85 ಹಾಕುವವರಾದರೆ ಎಥನಾಲ್ ಪ್ರಮಾಣ ಅಳೆಯುವ ಫ್ಲೆಕ್ಸ್ ಫ್ಯೂಯಲ್ ಸೆನ್ಸರ್ ಹಾಕಿಸಿ. ಟ್ಯಾಂಕ್‌ನಲ್ಲಿ ಎಥನಾಲ್ ಎಷ್ಟಿದೆ ಅಂತ ಅಂದಾಜಿನ ಮೇಲೆ ಇಸಿಯುನ ಮ್ಯಾಪ್ (ಪೆಟ್ರೋಲ್, ಟೈಮಿಂಗ್ ಲೆಕ್ಕದ ಪಟ್ಟಿ) ಬದಲಿಸುವ ಕೆಲಸ ನಾನಂತೂ ಮಾಡಿಕೊಡುವುದಿಲ್ಲ.