ಶ್ವಾಸಕೋಶಕ್ಕೆ ಕವಲೊಡೆ ಅಂತ ಹೇಳೋದು ಯಾರು?

ಎಂಟನೇ ತಿಂಗಳ ಶುರುವಿನಲ್ಲೇ ನೋವು ಬಂತು ಅಂತ ಸಕಲೇಶಪುರದಿಂದ ತಂಗಿಯನ್ನು ಹಾಸನದ ಆಸ್ಪತ್ರೆಗೆ ಕರೆತಂದೆವು. ಹನ್ನೆರಡು ಗಂಟೆಗೊಂದರಂತೆ ನಾಲ್ಕು ಇಂಜೆಕ್ಷನ್ ಕೊಟ್ಟರು. "ಮಗುವಿನ ಶ್ವಾಸಕೋಶ ಬಲಿಯೋಕೆ ಕಣಮ್ಮ" ಅಂದರು ನರ್ಸ್, ಅಷ್ಟೇ. ನನಗೆ ಚುಚ್ಚಿದ್ರೆ ಮಗುವಿನ ಶ್ವಾಸಕೋಶ ಹೇಗೆ ಬಲಿಯುತ್ತೆ ಅಂತ ತಂಗಿ ಕೇಳಿದಳು. ಬಸುರಿಯರಿಗೆ ಇದನ್ನು ಕೂತು ಹೇಳುವಷ್ಟು ಪುರುಸೊತ್ತು ಎಲ್ಲ ಕಡೆಯೂ ಇರಬೇಕಿತ್ತು.

ಮಗುವಿನ ಶ್ವಾಸಕೋಶ ಶುರುವಾಗೋದು ಭ್ರೂಣದ ನಾಲ್ಕನೇ ವಾರದಲ್ಲಿ. ಮುಂದೆ ಅನ್ನನಾಳ ಆಗುವ ಕೊಳವೆಯ ಮುಂಭಾಗದಲ್ಲಿ ಒಂದು ಮೊಗ್ಗು ಮೂಡುತ್ತದೆ, ಆಮೇಲೆ ಎರಡಾಗುತ್ತದೆ. ಇಲ್ಲಿ ಶ್ವಾಸಕೋಶ ಆಗಲಿ ಅನ್ನುವ ಸೂಚನೆ ಬರುವುದು ಪಕ್ಕದ ಜೀವಕೋಶಗಳಿಂದ. ಅವು ಸ್ರವಿಸುವ ವಿಂಟ್ ಎಂಬ ಪ್ರೋಟೀನುಗಳು ಅದನ್ನು ಹೊತ್ತು ತರುತ್ತವೆ.

ಪಕ್ಕದ ಜೀವಕೋಶಗಳು ಹೀಗೆ ಹೇಳಿಕೊಡುತ್ತವೆ ಅನ್ನುವ ಸುಳಿವು ಹಳೆಯದು. 1933ರಲ್ಲೇ ಕೋಳಿಯ ಭ್ರೂಣದ ಶ್ವಾಸಕೋಶದ ಮೇಲೆ ಪ್ರಯೋಗ ನಡೆದಿತ್ತು. 1962ರಲ್ಲಿ ಇಟಲಿಯ ಅಲೆಸಿಯೊ ಮತ್ತು ಕಸ್ಸೀನಿ ಇಲಿಯ ಭ್ರೂಣದಲ್ಲಿ, ಶ್ವಾಸಕೋಶದ ಕವಲಿನ ಸುತ್ತಲಿನ ಅಂಗಾಂಶವನ್ನು ತೆಗೆದು ಶ್ವಾಸನಾಳದ ಮೇಲೆ ಕೂರಿಸಿದರು. ಎಂದೂ ಕವಲೊಡೆಯದ ಜಾಗದಲ್ಲಿ ಹೊಸ ಮೊಗ್ಗು ಬಂತು! ಆದರೆ ಕವಲೊಡೆ ಅಂತ ಹೇಳುತ್ತಿರುವ ವಸ್ತು ಯಾವುದು ಅಂತ ತಿಳಿಯಲು ಮೂವತ್ತು ವರ್ಷಕ್ಕಿಂತ ಜಾಸ್ತಿ ಬೇಕಾಯಿತು.

ಉತ್ತರ ಮೊದಲು ಬಂದದ್ದು ಹಣ್ಣುನೊಣದಿಂದ. 1996ರಲ್ಲಿ ಅದರ ಉಸಿರಿನ ಕೊಳವೆಗಳನ್ನು ಕವಲೊಡೆಸುವ ಜೀನ್ ಸಿಕ್ಕಿತು, ಹೆಸರು ಬ್ರಾಂಚ್‌ಲೆಸ್. ಅದು ಕೆಟ್ಟರೆ ಕವಲುಗಳೇ ಇಲ್ಲ. ಅದೇ ಕುಟುಂಬದ ಎಫ್‌ಜಿಎಫ್10 ಎಂಬ ಜೀನ್ ಇಲಿಯಲ್ಲಿದೆ. 1998ರಲ್ಲಿ ಆ ಜೀನ್ ಇಲ್ಲದ ಮರಿಗಳನ್ನು ಬೆಳೆಸಿ ನೋಡಿದರು. ಶ್ವಾಸನಾಳ ಇತ್ತು, ಕೆಳಗೆ ಶ್ವಾಸಕೋಶವೇ ಇರಲಿಲ್ಲ. ಹುಟ್ಟಿದ ತಕ್ಷಣ ಸತ್ತವು. ನೊಣದ ಕೊಳವೆ ನೋಡುತ್ತಾ ಕೂರುವ ಕೆಲಸಕ್ಕೂ ದುಡ್ಡು ಸಿಗಲೇಬೇಕು ಅಂತ ನನಗನಿಸೋದು ಇದಕ್ಕೇ.

ಸುತ್ತಲಿನ ಅಂಗಾಂಶ ಆ ಜೀನಿನ ಪ್ರೋಟೀನಾದ ಎಫ್‌ಜಿಎಫ್10 ಅನ್ನು ಸುರಿಸುತ್ತದೆ, ಮೊಗ್ಗು ಅದರತ್ತ ಬೆಳೆಯುತ್ತದೆ. ಮೊಗ್ಗಿನ ತುದಿಯೋ ಎಸ್‌ಎಚ್‌ಎಚ್ ಎಂಬ ಇನ್ನೊಂದು ಸಂಕೇತ ಬಿಟ್ಟು, ತನ್ನೆದುರಿನ ಎಫ್‌ಜಿಎಫ್10 ಅನ್ನು ಅಡಗಿಸುತ್ತದೆ. ಮುಂದೆ ಬೆಳೆಯಲು ದಾರಿ ಇಲ್ಲದೆ ಮೊಗ್ಗು ಅಕ್ಕಪಕ್ಕಕ್ಕೆ ಸೀಳುತ್ತದೆ. ಕಾಫಿ ಗಿಡದ ತಲೆ ಚಿವುಟಿದರೆ ಪಕ್ಕದ ರೆಂಬೆಗಳು ಬಲಿಯುತ್ತವಲ್ಲ, ಕಾರಣ ಬೇರೆಯಾದರೂ ನೋಡಲು ಹಾಗೇ. ಹೀಗೆ ಕವಲಿಗೆ ಕವಲು ಒಡೆದು ಮನುಷ್ಯನಲ್ಲಿ ಸುಮಾರು 23 ಹಂತ.

ಕವಲೊಡೆದರೆ ಸಾಲದು, ಒಳಗಿನ ಗಾಳಿಚೀಲಗಳು ಮುಚ್ಚಿಕೊಳ್ಳದಂತೆ ಅವುಗಳ ಒಳಪದರದ ಎಳೆತ ತಗ್ಗಿಸುವ ಸರ್ಫ್ಯಾಕ್ಟಂಟ್ ಎಂಬ ವಸ್ತು ಬೇಕು. 1969ರಲ್ಲಿ ನ್ಯೂಜಿಲೆಂಡಿನ ವೈದ್ಯ ಲಿಗ್ಗಿನ್ಸ್ ಹೆರಿಗೆ ಹೇಗೆ ಶುರುವಾಗುತ್ತೆ ಅಂತ ಕುರಿಗಳಲ್ಲಿ ಹುಡುಕುತ್ತಿದ್ದರು. ಸ್ಟೀರಾಯ್ಡ್ ಪಡೆದ, ಅವಧಿಗೆ ಮುಂಚೆ ಹುಟ್ಟಿದ ಮರಿ ಉಸಿರಾಡಿತು. ಆಮೇಲೆ ಮಕ್ಕಳ ವೈದ್ಯ ಹೋವಿ ಜೊತೆ ಸೇರಿ ತಾಯಂದಿರಲ್ಲಿ ಅದನ್ನು ಪರೀಕ್ಷಿಸಿ, 1972ರಲ್ಲಿ ಫಲಿತಾಂಶ ಪ್ರಕಟಿಸಿದರು.

ತಂಗಿಗೆ ಕೊಟ್ಟದ್ದು ಅದೇ ಜಾತಿಯ ಔಷಧಿ. ಅದೂ ಒಂದು ಸಂಕೇತವೇ. ಮಾಸು (ಪ್ಲಾಸೆಂಟಾ) ದಾಟಿ, ಮಗುವಿನ ಶ್ವಾಸಕೋಶದ ಜೀವಕೋಶಗಳಿಗೆ ಬೇಗ ಬಲಿತು ಸರ್ಫ್ಯಾಕ್ಟಂಟ್ ಮಾಡಿ ಅಂತ ಹೇಳುತ್ತದೆ.