ಗರುಡನ ರೆಕ್ಕೆ, ನಾಗನ ವಿಷ: ಎರಡೂ ಒಬ್ಬಳಿಗೇ ಕೊಡಬಹುದಾ?

ಓದುಗರ ಪ್ರಶ್ನೆ: "ನಾವು ಐದು ಜನ ಪ್ರತಿ ಭಾನುವಾರ ರಾಜಾಜಿನಗರದ ನಮ್ಮ ಮನೆ ಮಹಡಿ ಮೇಲೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋ, ಪಾತ್ರ ಕಟ್ಟಿಕೊಂಡು ದಾಳ ಹಾಕುವ ಕಥೆಯ ಆಟ ಆಡ್ತೀವಿ. ನಾನೇ ಡಿಎಂ, ಅಂದರೆ ಕಥೆ ನಡೆಸೋದು ನನ್ನ ಕೆಲಸ. ಹೊಸ ಕ್ಯಾಂಪೇನ್‌ಗೆ (ಹಲವು ವಾರ ಸಾಗುವ ಕಥೆಗೆ) ನನ್ನ ಚಿಕ್ಕಪ್ಪನ ಮಗಳು ಗರುಡ, ನಾಗ ಎರಡೂ ರಕ್ತ ಇರುವ ಪಾತ್ರ ಬೇಕು ಅಂತಿದ್ದಾಳೆ. ಹಾರಬೇಕು, ವಿಷ ತಟ್ಟಬಾರದು, ಕತ್ತಲಲ್ಲಿ ಕಣ್ಣು ಕಾಣಬೇಕು. ಬೇಡ ಅನ್ನೋಕೆ ಮನಸ್ಸಿಲ್ಲ. ಆದರೆ ಉಳಿದವರಿಗೆ ಅನ್ಯಾಯ ಆಗಬಾರದು. ಇಂಥ ಮಿಶ್ರ ರೇಸ್, ಅಂದರೆ ಪಾತ್ರ ಹುಟ್ಟಿದ ಜನಾಂಗ, ಮಾಡೋದು ಹೇಗೆ?"

ಬೇಡ ಅನ್ನಬೇಡಿ. ಇಷ್ಟು ಚಂದದ ಪಾತ್ರ ಕೇಳುವ ಆಟಗಾರ್ತಿ ಸಿಗುವುದು ಅಪರೂಪ. ನಮ್ಮ ಕಥೆಗಳಲ್ಲಿ ಗರುಡ ಮತ್ತು ನಾಗರು ಬರೀ ಶತ್ರುಗಳಲ್ಲ, ಒಂದೇ ಅಪ್ಪನ ಮಕ್ಕಳು. ಕದ್ರು, ವಿನತೆ ಅಕ್ಕತಂಗಿಯರು, ಇಬ್ಬರೂ ಕಶ್ಯಪನ ಹೆಂಡತಿಯರು. ಕದ್ರುವಿಗೆ ನಾಗರು ಹುಟ್ಟಿದರು. ವಿನತೆಗೆ ಅರುಣ ಮತ್ತು ಗರುಡ. ಒಂದು ಕುದುರೆಯ ಬಾಲದ ಬಣ್ಣ ಏನು ಅಂತ ಕಟ್ಟಿದ ಪಂದ್ಯದಿಂದ ಮನೆ ಒಡೆಯಿತು. ಒಡೆದ ಆ ಎರಡು ಮನೆಯ ರಕ್ತ ಒಂದೇ ಮೈಯಲ್ಲಿ ಹರಿದರೆ ಆ ಹುಡುಗಿ ಯಾರ ಪಕ್ಷ? ಒಂದು ಇಡೀ ಕ್ಯಾಂಪೇನ್ ನಡೆಸಲು ಈ ಪ್ರಶ್ನೆ ಸಾಕು.

ಆದರೆ ಅವಳ ಪಟ್ಟಿಯನ್ನು ಹಾಗೇ ಒಪ್ಪಬೇಡಿ. ಮಗು ಅಮ್ಮನ ಮೂಗು, ಅಪ್ಪನ ಎತ್ತರ ಪಡೆದು ಹುಟ್ಟುತ್ತದೆ. ಎರಡು ಮೂಗು ಇಟ್ಟುಕೊಂಡು ಹುಟ್ಟುವುದಿಲ್ಲ. ಮಿಶ್ರ ರೇಸ್ ಮಾಡುವಾಗ ಹೆಚ್ಚಿನವರು ತಪ್ಪುವುದು ಇಲ್ಲೇ. ಅಮ್ಮನದೆಲ್ಲ, ಅಪ್ಪನದೆಲ್ಲ ಕೂಡಿಸಿ ಕೆಳಗೆ ಗೆರೆ ಎಳೆಯುತ್ತಾರೆ.

ಒಂದು ಮಾತು ಪದದ ಬಗ್ಗೆ. 2024ರ ಹೊಸ ನಿಯಮ ಪುಸ್ತಕ ರೇಸ್ ಅನ್ನುವುದನ್ನು ಬಿಟ್ಟು ಸ್ಪೀಶೀಸ್ ಅಂತ ಬರೆಯುತ್ತದೆ. ಕನ್ನಡದಲ್ಲಿ ಕುಲ, ಜಾತಿ ಅಂದರೆ ಬೇರೆಯೇ ನೋವುಗಳು ನೆನಪಾಗುತ್ತವೆ, ಅಲ್ವಾ? ನಮ್ಮ ಟೇಬಲ್‌ನಲ್ಲಿ ನಾವು ವಂಶ ಅನ್ನುತ್ತೇವೆ. ಇಲ್ಲೂ ಹಾಗೇ ಬರೆಯುತ್ತೇನೆ.

ಆಟದ ಒಳಗೇ ಇದಕ್ಕೆ ಒಳ್ಳೆಯ ಅಳತೆಗೋಲು ಇದೆ. 2014ರ ನಿಯಮ ಪುಸ್ತಕ ಪ್ಲೇಯರ್ಸ್ ಹ್ಯಾಂಡ್‌ಬುಕ್ ತೆಗೆದು, ಕಿನ್ನರರಂಥ ಎಲ್ಫ್ ಮತ್ತು ಎಲ್ಫ್-ಮನುಷ್ಯರ ಮಗುವಾದ ಹಾಫ್-ಎಲ್ಫ್ ಪುಟಗಳನ್ನು ಪಕ್ಕಪಕ್ಕ ಇಟ್ಟುಕೊಳ್ಳಿ. ಹಾಫ್-ಎಲ್ಫ್‌ಗೆ ಎಲ್ಫ್ ಕಡೆಯಿಂದ ಬಂದದ್ದು 60 ಅಡಿಯವರೆಗೆ ಕತ್ತಲಲ್ಲಿ ಕಾಣುವ ಡಾರ್ಕ್‌ವಿಷನ್, ಮತ್ತು ಮೋಹಿಸುವ ಮಾಟಕ್ಕೆ ಸುಲಭವಾಗಿ ಬಗ್ಗದ ಮನಸ್ಸು. ನಿದ್ದೆಯ ಬದಲು ನಾಲ್ಕು ಗಂಟೆ ಧ್ಯಾನ ಮಾಡುವ ಗುಣ ಬರಲಿಲ್ಲ. ಎಲ್ಫ್‌ಗಳ ಚುರುಕು ಕಿವಿ ಕಣ್ಣು ಕೂಡ ಬರಲಿಲ್ಲ. ಬಿಟ್ಟದ್ದಕ್ಕೆ ಬದಲಾಗಿ ಬೇಕಾದ ಎರಡು ಸ್ಕಿಲ್ ಸಿಕ್ಕವು. ಎರಡೂ ಕಡೆಯ ಜನರ ನಡುವೆ ಬೆಳೆದವರು ಎಲ್ಲರ ಜೊತೆ ಹೊಂದಿಕೊಂಡು ಕಲಿಯುತ್ತಾರೆ ಅನ್ನುವ ಕಥೆ ಅದರೊಳಗಿದೆ. ಒರಟು ಆರ್ಕ್‌ಗಳ ಮತ್ತು ಮನುಷ್ಯರ ಮಗುವಾದ ಹಾಫ್-ಆರ್ಕ್ ಇನ್ನೂ ಚಂದ. ಪ್ರಾಣ ಸೊನ್ನೆಗೆ ಬಿದ್ದಾಗ ದಿನಕ್ಕೆ ಒಂದು ಸಲ ಒಂದು ಹಿಟ್ ಪಾಯಿಂಟ್‌ನಲ್ಲಿ ನಿಂತುಬಿಡುವ ಶಕ್ತಿ ಅದಕ್ಕಿದೆ. ಆ ಪುಸ್ತಕದ ಮನುಷ್ಯರಲ್ಲಿ ಅದು ಇಲ್ಲ. ಎರಡು ವರ್ಷದ ನಂತರ ಬಂದ ಆರ್ಕ್ ವಂಶದಲ್ಲೂ ಇರಲಿಲ್ಲ. ಎರಡು ಲೋಕದ ನಡುವೆ ಏಟು ತಿಂದು ಬೆಳೆದ ಮಗುವಿಗೆ ಅದು ಸ್ವಂತದ್ದು. ಹೀಗೆ ಸ್ವಂತದ್ದು ಅನ್ನುವ ಒಂದು ಗುಣ ಇದ್ದರೆ ಮಾತ್ರ ಮಿಶ್ರ ವಂಶಕ್ಕೆ ಜೀವ ಬರುತ್ತದೆ ಅನ್ನುವುದು ನನ್ನ ಅನಿಸಿಕೆ.

ಇನ್ನು ರೆಕ್ಕೆಯ ವಿಷಯ. ಇದರ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನು ಒಂದನೇ ಲೆವೆಲ್‌ನಲ್ಲೇ, ಅಂದರೆ ಪಾತ್ರದ ಮೊದಲ ಹಂತದಲ್ಲೇ, ಹಾರುವ ವಂಶವೊಂದನ್ನು ಒಪ್ಪಿಕೊಂಡಿದ್ದೆ. ಒಂದು ಕಣಿವೆ, ಕಡಿದುಬಿದ್ದ ಹಗ್ಗದ ಸೇತುವೆ, ಆಚೆ ಕಡೆ ಕಾವಲಿನವರು. ಆ ಸಂಜೆಗಾಗಿ ವಾರವಿಡೀ ತಯಾರಿ ಮಾಡಿದ್ದೆ. ಹಾರುವವನು ಒಂದೇ ಸರದಿಯಲ್ಲಿ ಆಚೆ ಹೋಗಿ ಹಗ್ಗ ಕಟ್ಟಿದ. ಮುಗಿಯಿತು. ನನ್ನ ತಯಾರಿ ಹಾಳಾದದ್ದು ದೊಡ್ಡದಲ್ಲ. ಆದರೆ ನಮ್ಮಲ್ಲಿ ಒಬ್ಬಳು ರೋಗ್ (ಕಳ್ಳನಂಥ ಚುರುಕಿನ ಪಾತ್ರ) ಆಡುತ್ತಿದ್ದಳು. ಬಂಡೆ ಹತ್ತುವುದಕ್ಕೆಂದೇ ಅಥ್ಲೆಟಿಕ್ಸ್ ಸ್ಕಿಲ್ ಆರಿಸಿಕೊಂಡಿದ್ದಳು. ಇವತ್ತು ನನ್ನ ದಿನ ಅಂತ ಕಾದಿದ್ದಳು. ಅವಳು ಇಪ್ಪತ್ತು ಮುಖದ ಡಿ20 ದಾಳವನ್ನು ಕೈಯಲ್ಲೇ ಹಿಡಿದು ಕೂತಿದ್ದಳು. ಅದು ಉರುಳಲೇ ಇಲ್ಲ.

ಅಂದಿನಿಂದ ಯಾವ ಹೊಸ ವಂಶ ಬಂದರೂ ನಾನು ಮೊದಲು ಕೇಳುವುದು ಇದನ್ನೇ: ಈ ಶಕ್ತಿ ಬಂದರೆ ಯಾರ ದಾಳ ಕೈಯಲ್ಲೇ ಉಳಿಯುತ್ತದೆ? ಸಮತೋಲ ಅಂದರೆ ಬರೀ ಅಂಕಿ ಲೆಕ್ಕ ಅಲ್ಲ. ಪಕ್ಕದಲ್ಲಿ ಕೂತವರ ಸರದಿ ಉಳಿಯಿತಾ ಅನ್ನುವುದು.

ಲೆಕ್ಕವೂ ಇದನ್ನೇ ಹೇಳುತ್ತದೆ. ಹಾರಿಸುವ ಫ್ಲೈ ಮಂತ್ರ, ಮಂತ್ರಗಳ ಲೆಕ್ಕದಲ್ಲಿ, ಮೂರನೇ ಲೆವೆಲ್‌ನದು. ಮಂತ್ರವಾದಿಯಾದ ವಿಝರ್ಡ್‌ಗೆ ಅದು ಸಿಗುವುದು ಪಾತ್ರ ಐದನೇ ಲೆವೆಲ್‌ಗೆ ಬಂದಾಗ. ಅದೂ ಹತ್ತು ನಿಮಿಷ, ಅಷ್ಟು ಹೊತ್ತೂ ಗಮನ ಹಿಡಿದಿರಬೇಕು. ಅದನ್ನೇ ಒಂದನೇ ಲೆವೆಲ್‌ನಲ್ಲಿ ದಿನವಿಡೀ ಪುಕ್ಕಟೆ ಕೊಟ್ಟರೆ? ಲಾಂಗ್‌ಬೋ ಅನ್ನುವ ಉದ್ದದ ಬಿಲ್ಲು 150 ಅಡಿ ದೂರಕ್ಕೆ ಸರಾಗವಾಗಿ ಹೊಡೆಯುತ್ತದೆ. 100 ಅಡಿ ಮೇಲೆ ನಿಂತು ಬಾಣ ಬಿಡುವವಳ ಮುಂದೆ ತೋಳಗಳ ಹಿಂಡು ಏನು ಮಾಡೀತು? ಬರೀ ಕಚ್ಚುವ ಪ್ರಾಣಿಗಳೆಲ್ಲ ಸುಮ್ನೆ ನಿಂತು ಸಾಯಬೇಕು. ಹೊಸ ಗುಣ ಸೇರಿಸುವಾಗಲೆಲ್ಲ ಹೀಗೆ ಕೇಳಿಕೊಳ್ಳಿ: ಇದೇ ಕೆಲಸ ಮಾಡುವ ಮಂತ್ರ ಎಷ್ಟನೇ ಲೆವೆಲ್‌ಗೆ ಸಿಗುತ್ತದೆ?

ಆಟ ಮಾಡಿದವರೂ ಈ ಪಾಠ ಕಲಿತಿದ್ದಾರೆ. ಹಕ್ಕಿಮನುಷ್ಯರಾದ ಆರಕೋಕ್ರಾಗಳಿಗೆ ಮೊದಲು 50 ಅಡಿ ಹಾರುವ ವೇಗ ಇತ್ತು. 2022ರಲ್ಲಿ ಅದನ್ನು ನಡೆಯುವ ವೇಗಕ್ಕೆ ಇಳಿಸಿದರು. 2024ರ ಪುಸ್ತಕದಲ್ಲಿ ಡ್ರ್ಯಾಗನ್ ರಕ್ತದ ಡ್ರ್ಯಾಗನ್‌ಬಾರ್ನ್‌ಗೆ ರೆಕ್ಕೆ ಮೂಡುವುದು ಐದನೇ ಲೆವೆಲ್‌ಗೆ, ಒಂದು ಲಾಂಗ್ ರೆಸ್ಟ್‌ಗೆ (ಪಾತ್ರದ ಪೂರ್ತಿ ವಿಶ್ರಾಂತಿಗೆ) ಒಂದೇ ಸಲ, ಹತ್ತು ನಿಮಿಷ. ರೆಕ್ಕೆ ಕೊಟ್ಟರು, ಆದರೆ ತಡವಾಗಿ ಕೊಟ್ಟರು.

ನಿಮ್ಮ ತಂಗಿಗೂ ಹಾಗೇ ಮಾಡಿ. ಕಾರಣ ಕಥೆಯಲ್ಲೇ ಸಿಗುತ್ತದೆ. ವಿನತೆ ಕಾಯಲಾರದೆ ಒಂದು ಮೊಟ್ಟೆಯನ್ನು ಬೇಗ ಒಡೆದಳು. ಅದರಿಂದ ಅರೆಬೆಳೆದ ಮೈಯ ಅರುಣ ಹುಟ್ಟಿದ. ಆ ಮನೆತನದಲ್ಲಿ ಪೂರ್ತಿ ಬೆಳೆಯದ ಮಗು ಹೊಸದಲ್ಲ. ನಿಮ್ಮ ತಂಗಿಯ ಪಾತ್ರಕ್ಕೂ ರೆಕ್ಕೆ ಇನ್ನೂ ಬಲಿತಿಲ್ಲ. ಹಾರಲಾರಳು, ತೇಲಬಲ್ಲಳು. ಎತ್ತರದಿಂದ ಬಿದ್ದರೆ 100 ಅಡಿಯವರೆಗೆ ಪೆಟ್ಟಾಗುವುದಿಲ್ಲ. ಒಂದು ಅಡಿ ಇಳಿಯುವಷ್ಟರಲ್ಲಿ ಎರಡು ಅಡಿ ಮುಂದೆ ಸಾಗಬಹುದು. ಒಮ್ಮೆ ಹೆಬ್ಬಾಳ ಕೆರೆಯ ಹತ್ತಿರ ನಿಂತು ನೋಡಿ. ಬಿಳಿ ತಲೆ, ಕಂದು ಮೈಯ ಗರುಡ ಪಕ್ಷಿ ರೆಕ್ಕೆ ಬಡಿಯುವುದೇ ಕಡಿಮೆ. ಬಿಸಿ ಗಾಳಿಯ ಮೇಲೆ ಸುತ್ತು ಹಾಕುತ್ತಾ ತೇಲುತ್ತದೆ. ಅದನ್ನು ಅವಳಿಗೆ ತೋರಿಸಿದರೆ ತೇಲುವುದು ಕಡಿಮೆಯದು ಅಂತ ಅನಿಸುವುದಿಲ್ಲ. ಐದನೇ ಲೆವೆಲ್‌ಗೆ ಬಂದಾಗ ರೆಕ್ಕೆ ಬಲಿಯಲಿ. ಲಾಂಗ್ ರೆಸ್ಟ್‌ಗೆ ಒಂದು ಸಲ, ಒಂದು ನಿಮಿಷ ನಿಜವಾಗಿ ಹಾರಲಿ. ಭಾರದ ಕವಚ ಹಾಕಿದ್ದರೆ ಆಗದು ಅಂತ ಸೇರಿಸಿ. ಹತ್ತು ನಿಮಿಷ ಯಾಕೆ ಬೇಡ ಅಂದರೆ, ಇವಳ ಹತ್ತಿರ ತೇಲುವ ಗುಣ ಮೊದಲಿನಿಂದಲೇ ಇದೆ.

ವಿಷದ ಮಾತು ಚಿಕ್ಕದು. ವಿಷ ಪೂರ್ತಿ ತಟ್ಟದಂತೆ ಮಾಡಬೇಡಿ. ಹಸಿರು ಡ್ರ್ಯಾಗನ್ ಉಸಿರೇ ವಿಷ. ಅವಳ ಮುಂದೆ ಅದು ಬರೀ ದೊಡ್ಡ ಹಲ್ಲಿಯಾಗುತ್ತದೆ. ಹಾವಿನ ವಂಶದ ಯುವಾನ್-ಟಿಗೆ 2016ರಲ್ಲಿ ಪೂರ್ತಿ ರಕ್ಷಣೆ ಕೊಟ್ಟವರು 2022ರಲ್ಲಿ ಅದನ್ನು ಪೆಟ್ಟು ಅರ್ಧವಾಗುವಷ್ಟಕ್ಕೆ ಇಳಿಸಿದರು. ಕುಳ್ಳರ ವಂಶವಾದ ಡ್ವಾರ್ಫ್‌ಗೆ ಇರುವುದೂ ಅಷ್ಟೇ: ವಿಷದ ಪೆಟ್ಟು ಅರ್ಧ, ವಿಷ ತಡೆಯಲು ಹಾಕುವ ದಾಳಕ್ಕೆ, ಅಂದರೆ ಸೇವಿಂಗ್ ಥ್ರೋಗೆ, ಅಡ್ವಾಂಟೇಜ್ (ಎರಡು ದಾಳ ಹಾಕಿ ದೊಡ್ಡದನ್ನು ಇಟ್ಟುಕೊಳ್ಳುವ ಅವಕಾಶ). ಅರ್ಧ ಪೆಟ್ಟು ಕೊಡಿ, ಅಡ್ವಾಂಟೇಜ್ ಬಿಡಿ.

ಅಡ್ವಾಂಟೇಜ್ ಅನ್ನುವುದನ್ನು ಹೋಮ್‌ಬ್ರೂ ಮಾಡುವವರು, ಅಂದರೆ ಸ್ವಂತ ನಿಯಮ ಕಟ್ಟುವವರು, ಕಡ್ಲೆಪುರಿ ಥರ ಹಂಚುತ್ತಾರೆ. ಅದರ ತೂಕ ಗೊತ್ತಿರಲಿ. ಡಿ20ಯಲ್ಲಿ ಒಂದು ಪ್ಲಸ್ ಅಂದರೆ ಶೇಕಡಾ 5. ನಿಮಗೆ 11 ಅಥವಾ ಹೆಚ್ಚು ಬೀಳಬೇಕಿದ್ದರೆ ಒಂದು ದಾಳಕ್ಕೆ ಗೆಲುವಿನ ಸಾಧ್ಯತೆ ಶೇಕಡಾ 50. ಎರಡು ಹಾಕಿ ದೊಡ್ಡದನ್ನು ಇಟ್ಟುಕೊಂಡರೆ ಶೇಕಡಾ 75. ಅಂದರೆ ಅಲ್ಲಿ ಅದು ಐದು ಪ್ಲಸ್‌ಗೆ ಸಮ! 20ಯೇ ಬೀಳಬೇಕಿದ್ದರೆ ಮಾತ್ರ ಶೇಕಡಾ 5 ಇದ್ದದ್ದು 10ರ ಹತ್ತಿರ ಹೋಗುತ್ತದೆ, ಅಷ್ಟೇ. ಆಟದಲ್ಲಿ ನಮಗೆ ಬೀಳಬೇಕಾದ ಅಂಕಿ ಹೆಚ್ಚಿನ ಸಲ ಮಧ್ಯದಲ್ಲೇ ಇರುವುದರಿಂದ ಅಡ್ವಾಂಟೇಜ್ ಸಾಮಾನ್ಯವಾಗಿ ದುಬಾರಿ.

ಕತ್ತಲಲ್ಲಿ ಕಾಣುವ ಕಣ್ಣು ಕೊಡಬೇಡಿ ಅನ್ನುತ್ತೇನೆ. ಡಾರ್ಕ್‌ವಿಷನ್ ದೊಡ್ಡ ಶಕ್ತಿಯೇನಲ್ಲ, ಅರ್ಧಕ್ಕಿಂತ ಜಾಸ್ತಿ ವಂಶಗಳಿಗೆ ಅದು ಇದೆ. ಆದರೆ ಇಲ್ಲಿ ಆರಿಸಬೇಕು. ನಾಗರು ಪಾತಾಳದವರು, ಗರುಡ ಸೂರ್ಯನ ಬೆಳಕಿನವನು. ಅಮ್ಮ ನಾಗರವಳು, ಅಪ್ಪ ಗರುಡರವನು, ಕಣ್ಣು ಅಪ್ಪನ ಕಡೆಯದು ಅಂತ ಇಟ್ಟುಕೊಳ್ಳಿ. ಸುತ್ತಲಿನದನ್ನು ಗಮನಿಸುವ ಪರ್ಸೆಪ್ಷನ್ ಸ್ಕಿಲ್ ಕೊಡಿ. ಪಾತಾಳಕ್ಕೆ ಇಳಿದ ದಿನ ಅಮ್ಮನ ಮನೆಯವರೆಲ್ಲ ಸರಾಗವಾಗಿ ಓಡಾಡುವಾಗ ಇವಳೊಬ್ಬಳು ಪಂಜು ಹಿಡಿದು ನಿಲ್ಲಬೇಕು. ಆ ಒಂದು ದೃಶ್ಯಕ್ಕಾಗಿಯಾದರೂ ಈ ಕೊರತೆ ಇರಲಿ.

ಹಾಗಂತ ಶಕ್ತಿ ಜಾಸ್ತಿ ಕೊಟ್ಟು, ಅದನ್ನು ಸರಿದೂಗಿಸಲು ದೊಡ್ಡ ಕೊರತೆ ಅಂಟಿಸುವ ದಾರಿ ಹಿಡಿಯಬೇಡಿ. ಚಳಿಯ ಪೆಟ್ಟು ಎರಡರಷ್ಟು ಅಂತ ಬರೆದರೆ, ಹಿಮದ ನಾಡಿಗೆ ಹೋಗದ ತನಕ ಅದು ಪುಕ್ಕಟೆ. ಹೋದ ದಿನ ಅವಳು ಮೊದಲ ಏಟಿಗೇ ನೆಲಕ್ಕೆ. ಎರಡೂ ಕಡೆ ನ್ಯಾಯ ಇಲ್ಲ.

ಈಗ ಸ್ವಂತದ್ದು. ಬಸವನಗುಡಿ, ಮಲ್ಲೇಶ್ವರ ಕಡೆ ಅಶ್ವತ್ಥಕಟ್ಟೆಗಳ ಮೇಲೆ ನಾಗರಕಲ್ಲುಗಳನ್ನು ನೋಡಿರುತ್ತೀರಿ. ಕೆಲವದರಲ್ಲಿ ಸೊಂಟದ ಮೇಲೆ ಮನುಷ್ಯ ರೂಪ, ಕೆಳಗೆ ಸುತ್ತಿಕೊಂಡ ಹಾವಿನ ಬಾಲ, ತಲೆಯ ಮೇಲೆ ಹೆಡೆ. ನೂರಾರು ಮನೆಗಳವರು ಅರಿಶಿನ ಕುಂಕುಮ ಇಟ್ಟು ಕೈಮುಗಿಯುವ ಕಲ್ಲು ಅದು. ಹಾಗಾಗಿ ಆಡಲು ಕೂರುವ ಮೊದಲು ನಿಮ್ಮ ಟೇಬಲ್‌ನಲ್ಲಿ ಎಲ್ಲರಿಗೂ ಇದು ಒಪ್ಪಿಗೆಯಾ ಅಂತ ಕೇಳಿಬಿಡಿ. ಒಪ್ಪಿದರೆ, ನಾನು ಕೊಡುವ ಗುಣ ಪೊರೆ ಬಿಡುವುದು. ಯಾರಾದರೂ ಅವಳನ್ನು ಬಿಗಿಯಾಗಿ ಹಿಡಿದರೆ, ಬಲೆಯಲ್ಲೋ ಹಗ್ಗದಲ್ಲೋ ಕಟ್ಟಿದರೆ, ಬೋನಸ್ ಆಕ್ಷನ್ (ಸರದಿಯಲ್ಲಿ ಸಿಗುವ ಹೆಚ್ಚುವರಿ ಚಿಕ್ಕ ಕೆಲಸ) ಖರ್ಚು ಮಾಡಿ ಪೊರೆ ಕಳಚಿ ಜಾರಿಕೊಳ್ಳಬಹುದು. ಲಾಂಗ್ ರೆಸ್ಟ್‌ಗೆ ಒಂದು ಸಲ. ಇದು ಯಾರ ಕೆಲಸವನ್ನೂ ಕಸಿಯುವುದಿಲ್ಲ. ಹತ್ತು ಸೆಷನ್‌ಗೆ ಒಮ್ಮೆ ಬಂದರೂ ಎಲ್ಲರಿಗೂ ನೆನಪಿರುತ್ತದೆ.

ಉಳಿದದ್ದು ಮಾಮೂಲು. ನಡಿಗೆ 30 ಅಡಿ. 2014ರ ನಿಯಮದಲ್ಲಿ ಆಡುತ್ತಿದ್ದರೆ ಬೇಕಾದ ಒಂದು ಎಬಿಲಿಟಿಗೆ (ಬಲ, ಬುದ್ಧಿ ಥರದ ಅಂಕಕ್ಕೆ) ಎರಡು, ಇನ್ನೊಂದಕ್ಕೆ ಒಂದು ಸೇರಿಸಿ. 2024ರದ್ದಾದರೆ ಅದು ಬ್ಯಾಕ್‌ಗ್ರೌಂಡ್‌ನಿಂದ, ಅಂದರೆ ಪಾತ್ರದ ಹಿಂದಿನ ಬದುಕಿನಿಂದ, ಬರುತ್ತದೆ, ಇಲ್ಲಿ ಏನೂ ಬರೆಯಬೇಡಿ. ಇಷ್ಟೆಲ್ಲ ಮಾಡಲು ಪುರುಸೊತ್ತಿಲ್ಲ ಅಂದರೆ ಇನ್ನೊಂದು ಸುಲಭದ ದಾರಿ ಇದೆ. 2022ರಲ್ಲಿ ಪರೀಕ್ಷೆಗೆಂದು ಬಿಟ್ಟ ನಿಯಮದಲ್ಲಿ ಹೀಗಿತ್ತು: ರೂಪ ಹೇಗೆ ಬೇಕಾದರೂ ಬೆರೆಸಿಕೊಳ್ಳಿ, ಗುಣಗಳನ್ನು ಮಾತ್ರ ಒಂದೇ ಕಡೆಯಿಂದ ತೆಗೆದುಕೊಳ್ಳಿ. ಸರಿಯಾದ ದಾರಿಯೇ. ಆದರೆ ಎರಡು ಮನೆಯ ಮಗು ಅನ್ನುವುದು ಆಗ ದಾಳದಲ್ಲಿ ಕಾಣುವುದಿಲ್ಲ, ಚಿತ್ರದಲ್ಲಿ ಮಾತ್ರ ಕಾಣುತ್ತದೆ. ಅದಕ್ಕೇ ನನಗೆ ಅಷ್ಟು ಹಿಡಿಸುವುದಿಲ್ಲ.

ಕ್ಯಾಂಪೇನ್ ಶುರುವಾಗುವ ಮೊದಲು ಒಂದು ಸಂಜೆ ಮೂರು ಸಣ್ಣ ದೃಶ್ಯ ಆಡಿ ನೋಡಿ: ಒಂದು ಕಂದಕ, ಒಂದು ತೋಳದ ಹಿಂಡು, ಒಂದು ಸಂತೆ. ಮೂರರಲ್ಲೂ ಪ್ರತಿಯೊಬ್ಬರ ದಾಳ ಉರುಳಿತಾ ಗಮನಿಸಿ. ಮೂರು ಸೆಷನ್ ಆದ ಮೇಲೆ ತಿದ್ದುತ್ತೇವೆ ಅಂತ ತಂಗಿಗೆ ಈಗಲೇ ಹೇಳಿಡಿ. ಆಮೇಲೆ ಕಿತ್ತುಕೊಂಡರೆ ಮನಸ್ಸಿಗೆ ನೋವಾಗುತ್ತದೆ, ಮೊದಲೇ ಹೇಳಿದ್ದರೆ ಆಗುವುದಿಲ್ಲ. ವಂಶದ ಹೆಸರು ಅವಳೇ ಇಡಲಿ.

ಇನ್ನೊಂದು ಸಾಲನ್ನೂ ಪೊರೆಯ ಗುಣದ ಕೆಳಗೆ ಬರೆದಿಡಿ. ಕಳಚಿದ ಪೊರೆ ಮಾಯವಾಗುವುದಿಲ್ಲ, ಬಿಟ್ಟಲ್ಲೇ ಬಿದ್ದಿರುತ್ತದೆ. ಅದನ್ನು ಯಾರೋ ಎತ್ತಿಕೊಂಡು ಅವಳನ್ನು ಹುಡುಕುತ್ತಾ ಬರಬಹುದು. ಅಮ್ಮನ ಮನೆಯವರೋ, ಅಪ್ಪನ ಮನೆಯವರೋ ಅನ್ನುವುದನ್ನು ಡಿಎಂ ಆಗಿ ನೀವು ನಿರ್ಧರಿಸಿ.